ಡ್ಯಾಂಪರ್ ರಾಯರು

ಕಾರಿಗೆ ದುಡ್ಡು ಸುರಿಯುವವರಲ್ಲಿ ಎರಡು ಪಂಗಡ. ಹಿಂದುಗಡೆ ರೆಕ್ಕೆ ಕಟ್ಟಿಸಿ, ಸೈಲೆನ್ಸರ್ ಬದಲಿಸಿ ಬೀದಿಗೆ ಬೀದಿಯನ್ನೇ ಎಬ್ಬಿಸುವವರದು ಒಂದು. ಇನ್ನೊಂದು ಪಂಗಡ ಚಿಕ್ಕದು, ಆದರೆ ಕೈಗೆ ಸಿಕ್ಕವರನ್ನು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ರಾಯರು ಅದಕ್ಕೆ ಸೇರಿದವರು. ಹುಟ್ಟಿದ್ದು ಮೈಸೂರು, ವಾರವಿಡೀ ಸಾಫ್ಟ್‌ವೇರ್, ಶನಿವಾರ ಬಂತೆಂದರೆ 1999ರ ಮಜ್ದಾ ಮಿಯಾಟ. ಅದರ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಮೂತಿಗೆ, ಕಂಪನ ಹೀರುವ, 500 ಡಾಲರಿನ ಆಸುಪಾಸಿನ ಹೊಸ ಡ್ಯಾಂಪರ್ ಹಾಕಿದಂದಿನಿಂದ ಅವರು ನಮಗೆಲ್ಲ ಡ್ಯಾಂಪರ್ ರಾಯರು.

ಈ ಸಾಮಾನಿನ ತೊಂದರೆ ಏನೆಂದರೆ, ಅದು ಕಾಣುವುದಿಲ್ಲ, ಕೇಳಿಸುವುದಿಲ್ಲ, ಕಾರಿನ ವೇಗವನ್ನೂ ಹೆಚ್ಚಿಸುವುದಿಲ್ಲ. ಸರಿಯಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೇ ಇದ್ದದ್ದನ್ನು ಕೊಚ್ಚಿಕೊಳ್ಳುವುದು ಹೇಗೆ? ರಾಯರು ಉಪನ್ಯಾಸದ ದಾರಿ ಹಿಡಿದರು.

ಯುಗಾದಿ ಊಟದಲ್ಲಿ ಸಾಂಬಾರಿನ ನುಗ್ಗೆಕಾಯೊಂದನ್ನು ಎತ್ತಿ ಹಿಡಿದರು. "ಇದು ಕ್ರ್ಯಾಂಕ್‌ಶಾಫ್ಟ್ ಅಂದ್ಕೊಳ್ಳಿ ಸಾರ್. ನಾಲ್ಕು ಸಿಲಿಂಡರ್, ನಿಮಿಷಕ್ಕೆ 7000 ಸುತ್ತು. ಅಂದ್ರೆ ಸೆಕೆಂಡಿಗೆ 230ಕ್ಕೂ ಜಾಸ್ತಿ ಏಟು! ಒಂದೊಂದು ಏಟಿಗೂ ಹೀಗೆ ತಿರುಚ್ಕೊಳ್ಳುತ್ತೆ, ಮತ್ತೆ ವಾಪಸ್ ಬರುತ್ತೆ." ನುಗ್ಗೆಕಾಯಿ ವಾಪಸ್ ಬರಲಿಲ್ಲ. ಅದರ ತಿರುಳು ಪಕ್ಕದವರ ರೇಷ್ಮೆ ಜುಬ್ಬ ಸೇರಿತು. "ನೋಡಿದ್ರಾ? ಡ್ಯಾಂಪರ್ ಇರಲಿಲ್ಲ!" ಎಂದರು ರಾಯರು, ಒಂದಿಷ್ಟೂ ಅಳುಕದೆ.

ಇನ್ನೊಂದು ನುಗ್ಗೆಕಾಯಿಯ ತುದಿಗೆ ಉದ್ದಿನ ವಡೆ ಸಿಕ್ಕಿಸಿ ಪಾಠ ಮುಂದುವರಿಯಿತು. ಒಳಗೆ ಹಬ್, ಹೊರಗೆ ಭಾರದ ಉಂಗುರ, ನಡುವೆ ರಬ್ಬರು. ಶಾಫ್ಟ್ ತಟ್ಟನೆ ತಿರುಚಿಕೊಂಡರೆ ಉಂಗುರ ಹಿಂದೆ ಉಳಿಯುತ್ತದೆ; ಆ ಎಳೆದಾಟದಲ್ಲಿ ಕಂಪನದ ಶಕ್ತಿ ರಬ್ಬರಿನಲ್ಲಿ ಶಾಖವಾಗಿ ಕರಗುತ್ತದೆ. ಹಳೇ ಕಾರಿನಲ್ಲಿ ಆ ರಬ್ಬರೇ ಬಿರುಕು ಬಿಟ್ಟಿರುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಕ್ರ್ಯಾಂಕ್‌ಶಾಫ್ಟಿನ ಡ್ಯಾಂಪರನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿದ್ದನೆಂಬಲ್ಲಿಗೆ ಬರುವಷ್ಟರಲ್ಲಿ ಪಂಕ್ತಿಯವರು ಮಜ್ಜಿಗೆ ಮುಗಿಸಿ ಎದ್ದಿದ್ದರು. ರಾಯರು ಡ್ಯಾಂಪರನ್ನು ಚಟ್ನಿಯಲ್ಲಿ ಅದ್ದಿ ತಿಂದರು.

ಅವರ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಹಾಕಿಸಿದ ಮೇಲೆ ಏನ್ರೀ ವ್ಯತ್ಯಾಸ?"

"ಏನೂ ಆಗಿಲ್ಲ ನೋಡು, ಅದೇ ವ್ಯತ್ಯಾಸ!"

ಖರ್ಚು ಡ್ಯಾಂಪರಿಗೇ ನಿಂತಿದ್ದರೆ ಆಕೆಯೂ ಸುಮ್ಮನಿರುತ್ತಿದ್ದರು. ಆದರೆ "ಹೇಗೂ ಬಿಚ್ಚಾಯ್ತಲ್ಲ" ಎಂಬುದು ರಾಯರ ಮೂಲಮಂತ್ರ. ಹೇಗೂ ಡ್ಯಾಂಪರಿನ ಪುಲ್ಲಿ ಬಿಚ್ಚಾಯ್ತಲ್ಲ, ಟೈಮಿಂಗ್ ಬೆಲ್ಟ್ ಹೊಸದಿರಲಿ. ಹೇಗೂ ಬೆಲ್ಟ್ ಬಿಚ್ಚಾಯ್ತಲ್ಲ, ವಾಟರ್ ಪಂಪೂ ಆಗಲಿ. ಆಯಿಲ್ ಪಂಪಿನ ಗೇರಂತೂ ಕ್ರ್ಯಾಂಕಿನ ಮೂತಿಯ ಮೇಲೇ ಕೂತಿರುತ್ತದೆ. ಲೋಹದ ಪುಡಿ ಒತ್ತಿ ಮಾಡಿದ ಆ ಗೇರು ಕಂಪನಕ್ಕೆ ಸಿಡಿದರೆ ಎಂಜಿನ್ನೇ ಸೀಜ್. ಅದನ್ನು ಬಿಡುವುದುಂಟೆ? ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಮೂತಿ ತೆರೆದುಕೊಂಡು ನಿಂತಿತ್ತು. ಆ ಅವಧಿಯಲ್ಲಿ ಅದು ಒಂದಿಷ್ಟೂ ಕಂಪಿಸಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಕೊನೆಗೂ ಮಾಂಟೆರೆ ಬಳಿಯ ಲಗೂನಾ ಸೆಕಾ ಟ್ರ್ಯಾಕಿಗೆ ಹೊರಟರು. ನೋಡಲು ನಾವೂ ಹೋದೆವು. ಅಲ್ಲಿ ಸದ್ದಿಗೆ ಡೆಸಿಬೆಲ್ ಮಿತಿಯಿದೆ. ಸೈಲೆನ್ಸರ್ ಬಿಚ್ಚಿದವರು ಪೇಚಾಡುವುದನ್ನು ಕಂಡು ರಾಯರಿಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಡ್ಯಾಂಪರನ್ನೇ ಕಿತ್ತೆಸೆದು ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿದ ಹುಡುಗನೊಬ್ಬ ಅಂಥದೇ ಮಿಯಾಟದಲ್ಲಿ ಬಂದ. 11 ತಿರುವುಗಳ ಟ್ರ್ಯಾಕಿನಲ್ಲಿ ರಾಯರನ್ನು ಹಿಂದೆ ಹಾಕಿ, 18 ಮೀಟರ್ ಕೆಳಕ್ಕೆ ಧುಮುಕುವ ಕಾರ್ಕ್‌ಸ್ಕ್ರೂನಲ್ಲಿ ಕೈಬೀಸಿ ಕಣ್ಮರೆಯಾದ. "ಪಾಪ, ಅವನ ಕ್ರ್ಯಾಂಕಿಗೆ ಒಳಗೊಳಗೇ ಎಷ್ಟು ಸಂಕಟವೋ!" ಎಂದು ರಾಯರು ಮರುಗಿದರು.

ಸಂಜೆ ಹುಡುಗನ ಕಾರು ಸುಸೂತ್ರವಾಗಿ ಮನೆಗೆ ಹೊರಟಿತು. ರಾಯರದೂ ಹೊರಟಿತು. "ಇಬ್ಬರ ಎಂಜಿನ್ನಿಗೂ ಏನೂ ಆಗಲಿಲ್ಲವಲ್ಲ ರಾಯರೇ?" ಎಂದೆ.

ರಾಯರು ಸೀಟ್ ಬೆಲ್ಟ್ ಬಿಗಿದುಕೊಳ್ಳುತ್ತ ನನ್ನನ್ನು ಮರುಕದಿಂದ ನೋಡಿದರು. "ಅವನದಕ್ಕೆ ಅದೃಷ್ಟದಿಂದ ಏನೂ ಆಗಲಿಲ್ಲ ಸಾರ್. ನನ್ನದಕ್ಕೆ ಡ್ಯಾಂಪರಿನಿಂದ ಏನೂ ಆಗಲಿಲ್ಲ. ಎರಡೂ ಒಂದೇ ಆಗುತ್ತಾ?"