ಕೊಂಡುಕುರಿಯ ದರ್ಶನಾಕಾಂಕ್ಷೆ

ಚನ್ನಗಿರಿಯ ಅಡಕೆತೋಟಗಳ ನೆರಳಿನಲ್ಲಿ ಬೆಳೆದ ನನಗೆ, ಒಂದೇ ಜಿಲ್ಲೆಯೊಳಗಿದ್ದರೂ, ಜಗಳೂರೆಂಬುದು ದೇಶಾಂತರವೇ ಸರಿ. ಅಲ್ಲಿ 2011ರಲ್ಲಿ ಕೊಂಡುಕುರಿಗಳಿಗಾಗಿಯೇ ಘೋಷಿತವಾದ ರಂಗಯ್ಯನದುರ್ಗದ ಅಭಯಾರಣ್ಯಕ್ಕೆ ಬುತ್ತಿಯನ್ನೂ ಭಾವಮೈದುನನನ್ನೂ ಕಟ್ಟಿಕೊಂಡು ಹೊರಟಾಗ, ಚಿರತೆಯ ಭಯ ನನ್ನದು, ಬುತ್ತಿಯ ಚಿಂತೆ ಅವನದು.

ಮುಳ್ಳುಪೊದೆ, ಎಲೆಯುದುರಿದ ಗುಡ್ಡ, ಒಣಹುಲ್ಲಿನ ಬಯಲು ಇವೆಲ್ಲವನ್ನೂ ದಾಟಿ, ಗಂಡಿಗೆ ಮಾತ್ರ ನಾಲ್ಕು ಕೊಂಬುಗಳಿದ್ದು, ಅವುಗಳಲ್ಲಿ ಮುಂದಿನೆರಡು ಬ್ರಹ್ಮದೇವನು ಲೆಕ್ಕ ತಪ್ಪಿ ತೊಡಗಿ ಸಂಕೋಚದಿಂದ ಅರ್ಧಕ್ಕೇ ನಿಲ್ಲಿಸಿದನೋ ಎಂಬಷ್ಟು ಗಿಡ್ಡವಾಗಿರುವ ಆ ಪ್ರಾಣಿಯನ್ನು ಅರಸಿದ ನಮಗೆ, ಲಭಿಸಿದ್ದು ಹಿಕ್ಕೆಯ ರಾಶಿಯೊಂದೇ. ಒಂದೇ ಸ್ಥಳಕ್ಕೆ ಪುನಃಪುನಃ ಬಂದು ಹಿಕ್ಕೆ ಹಾಕುವುದು ಅದರ ಶಿಸ್ತಂತೆ. ನಮ್ಮೂರ ಬಸ್‌ನಿಲ್ದಾಣದ ಗೋಡೆಯನ್ನು ಬಲ್ಲವನಾದ್ದರಿಂದ ನಾನು ಭಕ್ತಿಯಿಂದಲೇ ನೋಡಿದೆನು.

ಬಂಡೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವೋ ಇಲ್ಲವೋ, “ಭಾವಾ, ಚಿರತೆ!” ಎಂದವನೇ ಬುತ್ತಿಯನ್ನಪ್ಪಿಕೊಂಡು ನನ್ನ ಬೆನ್ನಿಗೆ ಸರಿದನು. ಪೊದೆಯಿಂದ ಗಂಭೀರವಾಗಿ ನಿರ್ಗಮಿಸಿದ್ದು, ಗಿಡ್ಡಬಾಲಕ್ಕೆ ಕಪ್ಪು ಬಳೆ ತೊಟ್ಟ ಕಾಡುಬೆಕ್ಕು. ಅದು ನಮ್ಮಿಬ್ಬರನ್ನೂ ಅಳೆದು ನೋಡಿ, ಆಕಳಿಸಿ, ಹೊರಟುಹೋಯಿತು. ಭಾವಮೈದುನನಾದರೋ ನ್ಯಾಮತಿಯ ನೆಂಟರಿಗೆಲ್ಲ ಇಂದಿಗೂ ಅದನ್ನು ಚಿರತೆಯೆಂದೇ ಹೇಳುತ್ತಾನೆ, ನಾನೂ ಅಲ್ಲವೆನ್ನುವುದಿಲ್ಲ.