ಕಾಚಪೇಟಿಕಾ ಮತ್ಸ್ಯಮೀಮಾಂಸೆ: ಐದು ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ತಾತ್ವಿಕ ಅಧ್ಯಯನ

ಅಧ್ಯಾಯ 1: ಪ್ರಸ್ತಾವನೆ, ವ್ಯಾಪ್ತಿ, ಮಿತಿ ಹಾಗೂ ಮಿತಿಯ ಮಿತಿ

ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ನೀರು ತುಂಬಿ, ಮೀನು ಬಿಡುವ ಕ್ರಿಯೆಯನ್ನು ಜನಸಾಮಾನ್ಯರು ‘ಅಕ್ವೇರಿಯಂ ಇಡೋದು’ ಎಂದು ಕರೆದು ಸುಮ್ಮನಾಗುತ್ತಾರೆ. ಈ ಸರಳೀಕರಣದೊಂದಿಗೆ ಪ್ರಸ್ತುತ ಪ್ರಬಂಧವು ಮುಖಾಮುಖಿಯಾಗುತ್ತದೆ. ವಾಸ್ತವದಲ್ಲಿ ಇದು ಗೃಹಾಂತರ್ಗತ ಪಾರದರ್ಶಕ ಜಲಾವರಣದೊಳಗೆ ಮತ್ಸ್ಯದೇಹಗಳನ್ನು ನೆಲೆಗೊಳಿಸುವ, ಆ ಮೂಲಕ ನೋಡುವ ಹಾಗೂ ನೋಡಿಸಿಕೊಳ್ಳುವ ಅಧಿಕಾರ ಸಂಬಂಧಗಳನ್ನು ಪುನರುತ್ಪಾದಿಸುವ ಒಂದು ಸಂಕಥನ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಬರೆದವನಿಗೂ ಆಗಿಲ್ಲ.

ಇಂಥ ಭಾಷೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಸಂಕಿರಣದಿಂದ ಅಂಟಿದ್ದು. ನದಿ ತೀರದ ಮತ್ಸ್ಯ ಸಂಸ್ಕೃತಿ ಕುರಿತು ನಡೆದ ಒಂದು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೆ. ಉದ್ಘಾಟಕರು ಎರಡೂವರೆ ತಾಸು ತಡವಾಗಿ ಬಂದು, ಕುಂಡದಲ್ಲಿದ್ದ ಸಸಿಗೆ ನೀರೆರೆದು ಉದ್ಘಾಟಿಸಿದರು. ಊಟವಾದ ಮೇಲೆ ಕೈ ತೊಳೆಯಲು ಹೊರಗಿನ ನಳದಲ್ಲಿ ನೀರಿರಲಿಲ್ಲ. ಆಶಯ ಭಾಷಣ ನಲವತ್ತು ನಿಮಿಷ ನಡೆಯಿತು. ಅದರಲ್ಲಿ ‘ಅನುಸಂಧಾನ’ ಎಂಬ ಪದ ಹತ್ತೊಂಬತ್ತು ಸಲ ಬಂತು, ‘ಮೀನು’ ಎಂಬ ಪದ ಎರಡು ಸಲ. ಎರಡನೆಯದು ಮೀನಮೇಷ.

ಅಧ್ಯಯನದ ಭೌಗೋಳಿಕ ವ್ಯಾಪ್ತಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದನ್ನೇ ಏಕೆ ಆರಿಸಲಾಯಿತು ಎಂಬ ಪ್ರಶ್ನೆಗೆ ವಿದ್ವತ್ ಉತ್ತರ, ಇವು ಕೇಂದ್ರ ಮತ್ತು ಅಂಚುಗಳ ನಡುವಿನ ಪಲ್ಲಟದ ನೆಲೆಗಳು. ಉಳಿದ ಉತ್ತರ, ನಾನು ಇಲ್ಲಿದ್ದೇನೆ. ಹರಪನಹಳ್ಳಿಯಂತೂ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ನಿದರ್ಶನ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಿತ್ತು. ಮೀನಿಗೆ ಇಷ್ಟು ಸಲ ನೀರು ಬದಲಿಸಿದ್ದರೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಹರಪನಹಳ್ಳಿಯವರು ಗಟ್ಟಿ ಜನ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ನಮ್ಮಲ್ಲಿ ಮೀನಿನ ಶಾಸ್ತ್ರವೇ ಇರಲಿಲ್ಲ ಎಂಬ ವಸಾಹತುಶಾಹಿ ಮಿಥ್ಯೆಯನ್ನು ಮೊದಲು ಒಡೆಯಬೇಕು. ಹರಪನಹಳ್ಳಿ ಸೀಮೆಯ ಬಾಗಳಿ ಕಲ್ಲೇಶ್ವರನ ಗುಡಿ ಯಾರ ಕಾಲದಲ್ಲಿ ಬೆಳಗಿತೋ, ಅದೇ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ, ಅಥವಾ ಬರೆದ. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಸುಮಾರು ಮೂವತ್ತೈದು ಬಗೆಯ ಮೀನುಗಳು, ಅವು ಇರುವ ನೀರು, ಯಾವುದಕ್ಕೆ ಯಾವ ತೀನಿ ಎಂಬುದೆಲ್ಲ ಅಲ್ಲಿ ಬಂದಿದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದನ್ನು ಗಂಭೀರವಾಗಿ ಓದಿ ಲೇಖನವನ್ನೂ ಬರೆದರು. ಆದರೆ ಒಂದು ಸಣ್ಣ ತೊಡಕಿದೆ. ಅರಸರ ಶಾಸ್ತ್ರದಲ್ಲಿ ಮೀನಿಗೆ ತಿನ್ನಿಸಿ ಕೊಬ್ಬಿಸುವುದು ಕೊನೆಗೆ ಗಾಳ ಹಾಕಿ ಎಳೆಯುವುದಕ್ಕೆ. ನನ್ನ ಮಗಳ ಉದ್ದೇಶ ಬೇರೆ. ಆಕೆ ಮೂರನೇ ಇಯತ್ತೆ, ಮೀನಿಗೆ ಹೆಸರಿಡುವವಳು.

ಪಾಶ್ಚಾತ್ಯ ಪರಂಪರೆಗೆ ಬಂದರೆ, ಲಂಡನ್ ಮೃಗಾಲಯದ ಮತ್ಸ್ಯಾಗಾರ 1853ರಲ್ಲಿ ತೆರೆಯಿತು; ಮರುವರ್ಷ ಫಿಲಿಪ್ ಹೆನ್ರಿ ಗೋಸ್ ಎಂಬ ನಿಸರ್ಗಪ್ರೇಮಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದು ಆ ಹೆಸರನ್ನು ಮನೆಮಾತಾಗಿಸಿದ. ನಮ್ಮ ಕಡೆಯವರು ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ನೋಡಿ, ಗಾಜಿಗೆ ಮೂಗು ಒತ್ತಿ, ಊರಿಗೆ ಬಂದು ನಾಲ್ಕು ದಿನ ಅದನ್ನೇ ಹೇಳುತ್ತಿದ್ದರು. ಆ ಮತ್ಸ್ಯಾಲಯ 1983ರದ್ದು. ನನ್ನ ತಾತ್ವಿಕ ಚೌಕಟ್ಟಿಗೂ ಬುನಾದಿ ಅಲ್ಲೇ, ಎಂಟನೇ ಇಯತ್ತೆಯ ಶೈಕ್ಷಣಿಕ ಪ್ರವಾಸದಲ್ಲಿ ಬಿದ್ದದ್ದು.

ಸಮಕಾಲೀನ ಚಿಂತಕರಲ್ಲಿ ಇಬ್ಬರು ಮುಖ್ಯರು. ಮೊದಲನೆಯವರು ವಾಸ್ತುಪಂಡಿತರು. ಈಶಾನ್ಯದಲ್ಲಿಡಿ, ಎಂಟು ಕೆಂಪು ಒಂದು ಕಪ್ಪು, ಒಟ್ಟು ಒಂಬತ್ತು, ಸತ್ತರೆ ನಿಮ್ಮ ಕಂಟಕ ಅದು ಒಯ್ದ ಹಾಗೆ ಎಂದರು. ಎಂಥ ಸಿದ್ಧಾಂತ ನೋಡಿ, ಬದುಕಿದರೂ ಗೆಲುವು, ಸತ್ತರೂ ಗೆಲುವು. ಯಾವ ವಿಶ್ವವಿದ್ಯಾಲಯದವರೂ ಇಷ್ಟು ಭದ್ರವಾದ ಪ್ರಾಕ್ಕಲ್ಪನೆ ಕಟ್ಟಲಾರರು. ನಮ್ಮ ಮನೆಯ ಈಶಾನ್ಯದಲ್ಲಿ ನಳದ ಗುಂಡಿ, ಎರಡು ಪ್ಲಾಸ್ಟಿಕ್ ಡ್ರಮ್ಮು ಇವೆ ಎಂದು ವಿನಂತಿಸಿಕೊಂಡೆ.

ಎರಡನೆಯವರು ಅಂಗಡಿಯವರು, ಯಾವ ಊರು, ಯಾವ ಅಂಗಡಿ ಎಂಬುದು ಇಲ್ಲಿ ಅಪ್ರಸ್ತುತ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ, ಕೆಳಗೆ ಹಾಸಲು ಥರ್ಮಾಕೋಲು, ಗಾಳಿ ಪಂಪು, ಮೂಲೆಗೆ ಸ್ಪಂಜಿನ ಫಿಲ್ಟರು, ಎರಡು ಕೆಜಿ ನೀಲಿ ಜಲ್ಲಿ, ಗುಳ್ಳೆ ಬಂದಾಗಲೆಲ್ಲ ಬಾಯಿ ತೆರೆಯುವ ಖಜಾನೆ ಪೆಟ್ಟಿಗೆ, ಹಿಂದೆ ಅಂಟಿಸಲು ಸಮುದ್ರದ ಹವಳದ ಚಿತ್ರ, ಎಲ್ಲ ಕೊಟ್ಟರು. ಸಿಹಿನೀರಿನ ಮೀನು ಸಮುದ್ರದ ಚಿತ್ರ ನೋಡುತ್ತ ಬದುಕುವುದನ್ನು ‘ಅನನ್ಯತೆಯ ಬಿಕ್ಕಟ್ಟು’ ಎಂದು ಗುರುತಿಸಬಹುದು. ‘ಇವತ್ತೇ ನೀರು ಹಾಕಿ, ಇವತ್ತೇ ಬಿಟ್ಟುಬಿಡಿ ಸಾರ್, ಏನೂ ಆಗಲ್ಲ’ ಎಂದು ಆರು ಗೋಲ್ಡ್ ಫಿಶ್ ಹಿಡಿದುಕೊಟ್ಟರು. ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಚೀಲ. ಬಸ್ಸಿನಲ್ಲಿ ಮಗಳು ಅದನ್ನು ಮಡಿಲಿಗೂ ಇಡದೆ, ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ಬಂದಳು, ಗುಡಿಯಿಂದ ಆರತಿ ತರುವವರ ಹಾಗೆ. ಹಂಪು ಬಂದಲ್ಲೆಲ್ಲ ತಾನೂ ಸೀಟು ಬಿಟ್ಟು ಎದ್ದು ನಿಲ್ಲುತ್ತಿದ್ದಳು.

ಅಧ್ಯಾಯ 3: ಜಲಮೀಮಾಂಸೆ

ಎರಡು ಘನ ಅಡಿ ಎಂದರೆ ಸುಮಾರು 56 ಲೀಟರ್. ಹೇಳುವುದಕ್ಕೆ ಏನೂ ಅಲ್ಲ, ನಾಲ್ಕು ಬಿಂದಿಗೆ. ಬೇಸಿಗೆಯಲ್ಲಿ ನಮ್ಮೂರಿನ ಮನೆಯೊಂದರ ಮುಂದೆ ನಿಂತು ‘ನಾಲ್ಕು ಬಿಂದಿಗೆ ನೀರು ಮೀನಿಗೆ’ ಎಂದು ಹೇಳಿ ನೋಡಿ, ಆಮೇಲೆ ಇದು ಎಷ್ಟೆಂದು ತಿಳಿಯುತ್ತದೆ.

ಪಂಚ ತಾಲ್ಲೂಕುಗಳ ಗೃಹಜಲವನ್ನು ಮೂರಾಗಿ ವಿಂಗಡಿಸಬಹುದು. ನಳದ ನೀರು, ಅಂದರೆ ಬಂದಾಗ ಬರುವ ಹೊಳೆ ನೀರು. ಇದರ ಪ್ರಧಾನ ಲಕ್ಷಣ ಗೈರುಹಾಜರಿ. ಬಂದರೆ ಬ್ಲೀಚಿಂಗ್ ಪುಡಿಯ ವಾಸನೆ ಸಹಿತ ಬರುತ್ತದೆ. ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಬಕೆಟ್ಟಿನಲ್ಲಿ ತೆರೆದಿಟ್ಟು ಒಂದು ದಿನ ಬಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಎರಡನೆಯದು ಬೋರಿನ ನೀರು, ಸವಳು. ಸೋಪು ನೊರೆಯಾಗದು, ಬೇಳೆ ಬೇಯದು, ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಮೂರನೆಯದು ಶುದ್ಧೀಕರಣ ಘಟಕದ ನೀರು. ನಾಣ್ಯ ಹಾಕಿದರೆ ಕ್ಯಾನಿಗೆ ಬೀಳುವುದು. ಇದರಲ್ಲಿ ಉಪ್ಪು, ಖನಿಜ ಹೆಚ್ಚು ಉಳಿದಿರದ ಕಾರಣ ಇದೊಂದನ್ನೇ ಹಾಕಿದರೆ ಮೀನಿಗೂ ಒಗ್ಗದು.

ಇಲ್ಲಿ ಒಂದು ಕೌತುಕವಿದೆ. ಅಮೆಜಾನ್ ಕಾಡಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾ ಎಂಬ ಬೆಳಕಿನ ಗೆರೆಯ ಮೀನು ನಮ್ಮ ಬೋರಿನ ನೀರಿನಲ್ಲಿ ಸೊರಗುತ್ತದೆ. ಮರಿ ಹಾಕುವ ಜಾತಿಯ ಗಪ್ಪಿ, ಮೋಲಿ, ಪ್ಲಾಟಿಗಳು ಮಾತ್ರ ಸವಳಿನಲ್ಲೇ ಹುಲುಸಾಗಿ ಬೆಳೆಯುತ್ತವೆ. ಅಂದರೆ ನಾವು ಕುಡಿಯಲಾಗದೆ ಬಿಟ್ಟ ನೀರನ್ನು ಮೆಚ್ಚುವ ಜೀವವೂ ಒಂದಿದೆ. ಇದನ್ನು ‘ನೆಲಮೂಲ ಪ್ರತಿರೋಧ’ ಎಂದು ಬರೆದುಬಿಡುತ್ತಿದ್ದೆ, ಆದರೆ ಮಗಳ ಹಲ್ಲು ನೆನಪಾಯಿತು.

ಮುಂದಿನ ಎರಡು ಹಲ್ಲಿನ ಮೇಲೆ ಕಂದು ಗೆರೆ. ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ‘ಬೇರೆ ನೀರೇ ಇಲ್ಲದಿದ್ದರೆ’ ಎಂಬ ಈ ಮೂರು ಶಬ್ದಗಳ ಮೇಲೆ ಯಾರೂ ಸಂಕಿರಣ ಮಾಡಿದ್ದು ಕಾಣೆ. ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ನಗುವಾಗ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ನಾನು ಪಾಠ ಮಾಡುವಾಗ ನೋಡಿದ್ದೇನೆ. ಮೊದಮೊದಲು ನಾಚಿಕೆ ಎಂದುಕೊಂಡಿದ್ದೆ. ನನ್ನಂಥ ದಡ್ಡ ಮೇಷ್ಟ್ರಿಗೆ ಅದು ನೀರು ಎಂದು ಗೊತ್ತಾಗಲು ವರ್ಷಗಳೇ ಹಿಡಿದವು. ಮೀನಿನ ನೀರಿನ ಗಡಸುತನ ಅಳೆಯಲು ಅಂಗಡಿಯಲ್ಲಿ ಕಾಗದದ ಪಟ್ಟಿ ಸಿಗುತ್ತದೆ, ಬಣ್ಣ ನೋಡಿ ಹೇಳಬಹುದು. ಮಕ್ಕಳ ನೀರಿಗೆ ಮಕ್ಕಳ ಹಲ್ಲೇ ಪಟ್ಟಿ.

ಕ್ಷಮಿಸಿ. ಪ್ರಬಂಧಕ್ಕೆ ಮರಳೋಣ.

ಅಧ್ಯಾಯ 4: ಮತ್ಸ್ಯಮರಣದ ಸಪ್ತವಿಧ ವರ್ಗೀಕರಣ

ಗೃಹಮತ್ಸ್ಯಗಳ ಸಾವು ಏಳು ವಿಧ. ಒಂದು, ಅತಿಭೋಜನಜನ್ಯ. ಎರಡು, ವಿದ್ಯುತ್‌ವ್ಯತ್ಯಯಜನ್ಯ, ಗಾಳಿ ಪಂಪು ನಿಂತು ಸಂಭವಿಸುವಂಥದ್ದು. ಮೂರು, ಸೋರಿಕಾಜನ್ಯ. ಇದು ನಮ್ಮಲ್ಲಿ ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಪೆಟ್ಟಿಗೆ ಮನೆಗೆ ಬಂದದ್ದು 2024ರ ಆಗಸ್ಟಿನಲ್ಲಿ, 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾದ ಅದೇ ವಾರ. ಟೀವಿಯಲ್ಲಿ ಗೇಟಿನ ನೀರು ಭೋರ್ಗರೆಯುತ್ತಿದ್ದಾಗ ನಮ್ಮ ಪೆಟ್ಟಿಗೆಯ ಎಡಮೂಲೆಯ ಸಿಲಿಕಾನ್ ಅಂಟಿನಿಂದ ಹನಿ ಹನಿ ಬೀಳುತ್ತಿತ್ತು. ಅಲ್ಲಿ ತಜ್ಞರು ಸ್ಟಾಪ್ ಲಾಗ್ ಇಳಿಸಿದರು. ಇಲ್ಲಿ ನನ್ನ ಹೆಂಡತಿ ನೆಲ ಒರೆಸುವ ಬಟ್ಟೆ ಒತ್ತಿದಳು. ನಾಲ್ಕು,

ನಾಲ್ಕು, ಐದು, ಆರು, ಏಳು ಇಲ್ಲ. ಏಳು ಎಂದರೆ ಕೇಳುವುದಕ್ಕೆ ಚೆಂದವೆಂದು ಹೇಳಿದೆ.

ನಡೆದದ್ದು ಇಷ್ಟು. ಮೂರನೇ ದಿನ ಬೆಳಿಗ್ಗೆ ಮಗಳು ಬಂದು ಎಬ್ಬಿಸಿದಳು. ‘ಅಪ್ಪಾ, ಯಾಕ ಅವೆಲ್ಲ ಮ್ಯಾಲ ಬಂದು ಬಾಯಿ ತೆಗಿಯಾಕತ್ತಾವು?’ ಆರೂ ಮೀನು ನೀರಿನ ಮೇಲ್ಮೈಗೆ ಬಂದು ಗುಟುಕು ಗುಟುಕು ಗಾಳಿ ಕುಡಿಯುತ್ತಿದ್ದವು. ಕಿವಿರಿನ ಮುಚ್ಚಳ ಅಗಲಿಸಿ ಒಳಗೆ ಕಡುಗೆಂಪು. ನೀರು ಮೊಸರು ಕದಡಿದ ಹಾಗೆ ಬಿಳಿಚಿತ್ತು. ಅಂಗಡಿಗೆ ಫೋನು ಮಾಡಿದರೆ ಒಂದು ನೀಲಿ ಔಷಧಿ ಹೇಳಿದರು. ಹಾಕಿದೆ. ಸಂಜೆಗೆ ಎರಡು, ಮರುದಿನ ಮೂರು. ಕೊನೆಯದು ಖಜಾನೆ ಪೆಟ್ಟಿಗೆಯ ಹಿಂದೆ ಓರೆಯಾಗಿ ನಿಂತು, ಬಾಲವನ್ನು ಒಂದು ಸಲ ಆಡಿಸಿ, ಬಹಳ ಹೊತ್ತು ಬಿಟ್ಟು ಇನ್ನೊಂದು ಸಲ ಆಡಿಸುತ್ತ ಮೂರು ದಿನ ಇತ್ತು. ಆರನ್ನೂ ಹಡಗಲಿಯಿಂದ ತಂದು ನೆಟ್ಟ ಮಲ್ಲಿಗೆಯ ಬುಡದಲ್ಲಿ ಹೂಳಿದೆವು.

ವಾಸ್ತುಪಂಡಿತರಿಗೆ ಹೇಳಿದೆ. ‘ಕಂಟಕ ಹೋಯ್ತು’ ಎಂದರು. ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಈ ಪ್ರಬಂಧದ ನಿಜವಾದ ತಾತ್ವಿಕ ಚೌಕಟ್ಟು.

ಮೀನು ಯಾಕೆ ಸತ್ತವು ಎಂದು ಕಡೆಗೆ ಹೇಳಿದವರು ಸೊಳ್ಳೆ ಮರಿ ತಿನ್ನಿಸಲು ಗಪ್ಪಿ ಸಾಕುವ ಸಿಮೆಂಟ್ ತೊಟ್ಟಿಯನ್ನು ನೋಡಿಕೊಳ್ಳುವ ಹಿರಿಯರೊಬ್ಬರು. ಡೆಂಗಿ, ಮಲೇರಿಯಾ ತಡೆಯಲು ಬಾವಿ, ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನು ಅದು. ಟ್ರಿನಿಡಾಡಿನಿಂದ ಲಂಡನ್ನಿಗೆ ಅದನ್ನು ಕಳಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬವರ ಹೆಸರು 1866ರಲ್ಲಿ ಅದಕ್ಕೆ ಅಂಟಿತು. ನಾನು ಇದನ್ನೆಲ್ಲ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿ, ‘ನೀರು ಹಣ್ಣಾಗಿತ್ತೇನ್ರಿ ಸರ?’ ಎಂದರು.

‘ಅಂದರೆ?’

‘ಹೊಸಾ ನೀರು ಹಸೀ ನೀರು ಇರ್ತೈತ್ರಿ. ಮೀನು ಅದರಾಗ ಹೇಲಿದ್ದು ಅದಕ್ಕ ವಿಷ ಆಕೈತಿ. ತಿಂಗಳೊಪ್ಪತ್ತು ಬಿಡ್ರಿ. ದಿನಾ ಒಂದು ಚಿಟಿಗಿ ತೀನಿ ಹಾಕ್ರಿ, ಮೀನು ಇಲ್ಲದಿದ್ರೂ. ನಮ್ಮ ತೊಟ್ಟ್ಯಾಗಿನ ಪಾಚಿ ಹಿಡದ ಕಲ್ಲು ಎರಡು ಒಯ್ರಿ, ಲಗೂನ ಹಣ್ಣಾಕೈತಿ.’

ಮುಗಿಯಿತು. ಆಮೇಲೆ ನಾನು ಓದಿ ತಿಳಿದದ್ದೆಲ್ಲ ಈ ಮಾತಿನ ಟಿಪ್ಪಣಿ. ಮೀನಿನ ಹೊಲಸು, ಉಳಿದ ತೀನಿ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ, ಇದು ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಈ ಎರಡೂ ಬಗೆಯವು ಕಲ್ಲು, ಜಲ್ಲಿ, ಸ್ಪಂಜಿನ ಮೇಲೆ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜನ್ನು ನಳದ ನೀರಲ್ಲಿ ತಿಕ್ಕಿ ತೊಳೆದರೆ ಕ್ಲೋರಿನ್ ಅವನ್ನು ಕೊಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು. ಇನ್ನು ಅಡಿಯುದ್ದ ಬೆಳೆಯಬಲ್ಲ, ಸಿಕ್ಕಾಪಟ್ಟೆ ತಿಂದು ಹೊಲಸು ಮಾಡುವ ಗೋಲ್ಡ್ ಫಿಶ್ ಆರನ್ನು 56 ಲೀಟರಿನಲ್ಲಿ ಬಿಡುವುದೇ ತಪ್ಪು.

ನನಗೆ ಸಿಟ್ಟು ಬರುವುದು ಇದಕ್ಕೆ. ಪಂಡಿತರಿಗೆ ದಿಕ್ಕು ಗೊತ್ತಿತ್ತು, ಅಂಗಡಿಯವರಿಗೆ ರೇಟು ಗೊತ್ತಿತ್ತು, ನನಗೆ ಸೋಮೇಶ್ವರ ಗೊತ್ತಿದ್ದ. ‘ಒಂದು ತಿಂಗಳು ತಡೀರಿ’ ಎಂಬ ಮೂರು ಶಬ್ದ ಒಬ್ಬರ ಬಾಯಲ್ಲೂ ಬರಲಿಲ್ಲ.

ನಮ್ಮಜ್ಜನ ಕಾಲದಲ್ಲಿ ಕೆರೆ ಬತ್ತುವಾಗ ಕೆಸರಿನಲ್ಲಿ ಕೈ ಹಾಕಿ ಕೊರಮೀನು ಹಿಡಿಯುತ್ತಿದ್ದರಂತೆ. ಗಾಳಿ ಕುಡಿದು ಬದುಕುವ ಮೀನು, ರಾಡಿಯಲ್ಲೂ ಉಸಿರು ಹಿಡಿದಿರುತ್ತದೆ. ಮರಿ ಮೀನನ್ನು ಬಿಟ್ಟುಬಿಡುತ್ತಿದ್ದರು, ಮುಂದಿನ ಮಳೆಗೆ ಇರಲಿ ಎಂದು. ಈಗ ಮುಂದಿನ ಮಳೆಗೆ ಎಂದು ಏನನ್ನು ಬಿಡುವುದು? ಕೂಡ್ಲಿಗಿಯ 74 ಕೆರೆಗಳಿಗೆ ನೀರು ತುಂಬಿಸುವ ಯೋಜನೆಯ ಹೆಸರನ್ನು ಭಾಷಣದಲ್ಲಿ ಕೇಳಿ ಕೇಳಿ ನಮ್ಮ ಮಕ್ಕಳಿಗೆ ಅಂಕಿ ಬಾಯಿಪಾಠವಾಗಿದೆ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆಯಲ್ಲಿ, ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಸಂಸಾರ ಹೂಡಿವೆ. 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಸಾರಿದರು. ಹೋದ ಚಳಿಗಾಲ ಮಗಳನ್ನು ಕರೆದೊಯ್ದಿದ್ದೆ. ಒಂದು ನೀರುಕಾಗೆ ಮುಳುಗಿ ಮೀನು ಕಚ್ಚಿ ಎದ್ದಿತು. ಆಕೆ ಚೀರಿ, ಆಮೇಲೆ ಸುಮ್ಮನಾಗಿ, ‘ಅದರ ನೀರು ಹಣ್ಣಾಗೈತಿ’ ಅಂದಳು.

ಉಪಸಂಹಾರ ಬರೆಯುವ ರೂಢಿಯಿದೆ. ನಮ್ಮ ಪೆಟ್ಟಿಗೆಯಲ್ಲಿ ಈಗ ನೀರು, ಎರಡು ಪಾಚಿಗಲ್ಲು, ಸ್ಪಂಜು, ಗುಳ್ಳೆ. ಮೀನಿಲ್ಲ. ನೀಲಿ ಜಲ್ಲಿಯನ್ನೂ ಹವಳದ ಚಿತ್ರವನ್ನೂ ಮಗಳೇ ತೆಗೆಸಿದಳು, ಖಜಾನೆ ಪೆಟ್ಟಿಗೆ ಮಾತ್ರ ಇರಲಿ ಎಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾಳೆ, ಇವತ್ತಿಗೆ ಇಪ್ಪತ್ತಮೂರು. ಬಂದವರೆಲ್ಲ ಬಗ್ಗಿ ನೋಡಿ ‘ಮೀನೆಲ್ಲಿ?’ ಎನ್ನುತ್ತಾರೆ. ಪ್ರಸ್ತುತ ಸಂಶೋಧಕನು ಈ ಶೂನ್ಯ ಪೆಟ್ಟಿಗೆಯನ್ನು ‘ಗೈರಿನ ಸೌಂದರ್ಯಮೀಮಾಂಸೆ’ಯ ಪರಿಪ್ರೇಕ್ಷ್ಯದಲ್ಲಿ

ನಳ ಬಂತು. ಹನ್ನೊಂದು ದಿನಕ್ಕೆ ಬಂದಿದೆ, ರಾತ್ರಿ ಎರಡು ಗಂಟೆಗೆ. ಬೀದಿಯ ತುಂಬ ಬಿಂದಿಗೆ ಸದ್ದು. ಹೆಂಡತಿ ಡ್ರಮ್ಮು ತೊಳೆಯುತ್ತಿದ್ದಾಳೆ, ಮಗಳು ಕಣ್ಣುಜ್ಜಿಕೊಂಡು ತನ್ನ ಸಣ್ಣ ಬಕೆಟ್ಟು ಹಿಡಿದು ಸರತಿಯಲ್ಲಿ ನಿಂತಿದ್ದಾಳೆ. ಪೈಪು ಹಿಡಿಯಲು ನನ್ನನ್ನು ಕೂಗುತ್ತಿದ್ದಾರೆ.