ಬ್ರೇಕ್ ಪೈಪಿನ ತಾಂತ್ರಿಕ ಸಮಿತಿ

ಬಾಗಲಗುಂಟೆಯಲ್ಲಿ ಬಾನೆಟ್ ಎತ್ತಿದರೆ ಸಲಹೆಗೆ ಬರವಿಲ್ಲ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ನೋಡಿ. ಎದುರುಮನೆಯವರು ಲೇತ್ ಓಡಿಸಿದವರು, ಅವರಾಚೆಯವರು ಮೈಕ್ರೋಮೀಟರ್ ಹಿಡಿದೇ ನಿವೃತ್ತರಾದವರು. ತುಕ್ಕು ತಿಂದ ಬ್ರೇಕ್ ಪೈಪನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದದ್ದೇ ತಡ, ಗೇಟಿನ ಮುಂದೆ ತಾಂತ್ರಿಕ ಸಮಿತಿ ಸೇರಿತು.

ಪೈಪು 4.75 ಮಿ.ಮೀ. ಬರೀ ತಾಮ್ರವಾದರೆ ಬಗ್ಗಿಸಲು ಸಲೀಸು, ಆದರೆ ಅದುರಿ ಅದುರಿ ಬಿರುಕು ಬಿಡುತ್ತದೆ. ತಾಮ್ರ-ನಿಕ್ಕಲ್ ಮಿಶ್ರಲೋಹವೇ ಆಗಬೇಕೆಂದು ಮೈಕ್ರೋಮೀಟರ್‌ನವರ ತೀರ್ಪು. ತುದಿಯನ್ನು ಮೊದಲು ಗುಳ್ಳೆಯಂತೆ ಉಬ್ಬಿಸಿ, ಆಮೇಲೆ ಒಳಕ್ಕೆ ಮಡಚಬೇಕು. ಡಬಲ್ ಫ್ಲೇರ್ ಅಂದರೆ ಅದೇ. ಅದಕ್ಕೂ ಮುಂಚೆ ನಟ್ಟು ಪೋಣಿಸಿರಬೇಕು, ಇಲ್ಲವಾದರೆ ತುದಿ ಕತ್ತರಿಸಿ ಮತ್ತೆ ಓಂಕಾರ. ಇದನ್ನು ಸಮಿತಿ ಎಷ್ಟು ಸಲ ಜ್ಞಾಪಿಸಿತೆಂದರೆ, ಮರೆಯುವ ಸ್ವಾತಂತ್ರ್ಯವೇ ನನಗೆ ಉಳಿಯಲಿಲ್ಲ.

ಕೊನೆಗೆ ಗಾಳಿ ತೆಗೆಯುವ ಕೆಲಸ. ಪೆಡಲ್ ಒತ್ತುವ ಹುದ್ದೆಗೆ ಪೈಪೋಟಿ ನಡೆದು, ಸೇವಾ ಹಿರಿತನದ ಮೇಲೆ ಲೇತಿನವರಿಗೆ ದಕ್ಕಿತು. "ಒತ್ತಿ", "ಹಿಡೀರಿ" ಎಂದು ಕೂಗುತ್ತ ನಾನು ಚಕ್ರದ ಬಳಿ ಬೋರಲು. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದುಬರುತ್ತದೆಂದು ಯಾರೋ ಬಕೆಟ್ ನೀರು ಹಿಡಿದು ನಿಂತಿದ್ದರು.

ಪೆಡಲ್ ಗಟ್ಟಿಯಾಯಿತು. ಜೀವದ ಪ್ರಶ್ನೆಯಾದ್ದರಿಂದ ರಸ್ತೆಗಿಳಿಸುವ ಮುನ್ನ ಮೆಕ್ಯಾನಿಕ್ಕನ್ನು ಕರೆಸಿದೆ. ಬಗ್ಗಿ ನೋಡಿ, "ಚೆನ್ನಾಗಿದೆ, ಯಾರು ಮಾಡಿದ್ದು?" ಅಂದ.

ಸಮಿತಿ ಒಕ್ಕೊರಲಿನಿಂದ, "ನಾವು!"